ಹೊಟ್ಟೆ ತುಂಬಿದವರ ಕಾರಣ

ಅವರು ತೀರಿಕೊಂಡು ಒಂದು ತಿಂಗಳಾಯಿತು. ನೆನಪಿನ ಸಂಚಿಕೆ ತರುತ್ತಿದ್ದೇವೆ, ನೀವು ಬರೆಯಲೇಬೇಕು ಎಂದು ನಮ್ಮ ವಿಭಾಗದ ಕಿರಿಯ ಅಧ್ಯಾಪಕರೊಬ್ಬರು ಮನೆಗೇ ಬಂದು ಹೇಳಿ ಹೋದರು. ಅವರ ಮನೆಯಲ್ಲೇ ಇದ್ದು ಓದಿದವರು ನೀವು, ನಿಮ್ಮಷ್ಟು ಹತ್ತಿರದಿಂದ ನೋಡಿದವರು ಇನ್ಯಾರಿದ್ದಾರೆ ಎಂದರು. ಆ ಮಾತು ನಿಜ. ಬರೆಯಲು ಕೂತೆ. ಮೊದಲನೆಯ ಸಲ ‘ಮಹಾ ಮಾನವತಾವಾದಿ’ ಎಂದು ಬರೆದು ಹೊಡೆದುಹಾಕಿದೆ. ಎರಡನೆಯ ಸಲ ಅದೇ ಅರ್ಥದ ಇನ್ನೊಂದು ಮಾತು ಬರೆದು ಅದನ್ನೂ ಹೊಡೆದೆ. ಮೂರನೆಯ ಸಲ ಅರ್ಧಕ್ಕೇ ಬಿಟ್ಟು ಎದ್ದು ಹೋಗಿ ಮುಖ ತೊಳೆದುಕೊಂಡೆ. ಇದು ನಾಲ್ಕನೆಯದು. ಇದನ್ನು ಸಂಚಿಕೆಯವರು ಅಚ್ಚು ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ತೀರಿಕೊಂಡವರ ಹೆಸರು ಹಾಕುವುದಿಲ್ಲ. ಗೊತ್ತಿರುವವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ. ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು.

ಎತ್ತರದ ಆಳು. ಇಸ್ತ್ರಿ ಮಾಡಿದ ಖಾದಿ ಜುಬ್ಬ, ದಪ್ಪ ಚೌಕಟ್ಟಿನ ಕನ್ನಡಕ, ಸ್ವಲ್ಪ ಒಡೆದ ದನಿ. ಆ ದನಿಯಲ್ಲಿ ಏನು ಹೇಳಿದರೂ ಅದು ಅನುಭವದಿಂದ ಬಂದ ಮಾತು ಎನ್ನಿಸುತ್ತಿತ್ತು. ಕಾಫಿ ಯಾವಾಗಲೂ ಅರ್ಧ ಲೋಟ; ಅದರಲ್ಲೂ ಒಂದು ಗುಟುಕು ಬಿಟ್ಟು ಏಳುತ್ತಿದ್ದರು. ಯಾರನ್ನಾದರೂ ಇನ್ನೊಬ್ಬರಿಗೆ ಪರಿಚಯ ಮಾಡಿಸುವಾಗ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಬರೀ ಮುಟ್ಟುವುದಲ್ಲ, ಹಿಡಿಯುವುದು, ಸಂತೆಯಲ್ಲಿ ಕುರಿಮರಿಯ ಕಾಲು ಹಿಡಿದ ಹಾಗೆ. ಎಷ್ಟು ವರ್ಷ ನನ್ನ ಎಡಗೈ ಅವರ ಕೈಯಲ್ಲಿತ್ತು. ‘ಇವನು ನಮ್ಮ ಔಟ್‌ಹೌಸ್‌ನಲ್ಲಿ ಬೆಳೆದ ಹುಡುಗ’ ಎನ್ನುತ್ತಿದ್ದರು. ನನ್ನ ತಲೆ ನರೆತ ಮೇಲೂ ಹುಡುಗ.

ಭಾಷಣದಲ್ಲಿ ಅವರು ಅಳುತ್ತಿದ್ದರು. ಮಳವಳ್ಳಿ ಕಡೆಯ ಬೇಸಾಯದ ಮನೆಯಿಂದ ಓದಲು ಮೈಸೂರಿಗೆ ಬಂದ ಕಥೆ ಹೇಳುತ್ತ ಹೇಳುತ್ತ, ‘ನಮ್ಮವ್ವ’ ಎಂಬ ಮಾತು ಬಂದ ಕೂಡಲೇ ತಡೆದು, ಕನ್ನಡಕ ತೆಗೆದು, ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿದಾಗ ನಾನೂ ಅತ್ತಿದ್ದೆ. ಹತ್ತಾರು ಸಲ ನೋಡಿದ ಮೇಲೆ, ‘ನಮ್ಮವ್ವ’ ಬರುವುದಕ್ಕೆ ಮೊದಲೇ ಅವರ ಕೈ ಜೇಬಿಗೆ ಹೋಗುವುದು ಕಾಣತೊಡಗಿತು. ಆಮೇಲೆ ಅದನ್ನು ಕಾಣದೆ ಇರಲು ನನಗೆ ಸಾಧ್ಯವಾಗಲಿಲ್ಲ.

ಅವರು ನನಗೆ ಮಾಡಿದ ಉಪಕಾರ ಸುಳ್ಳಲ್ಲ. ನಮ್ಮೂರು ಸರಗೂರಿನಿಂದ ಆಚೆ. ಎಂ.ಎ. ಓದಲು ಮೈಸೂರಿಗೆ ಬಂದ ಹೊಸತರಲ್ಲಿ ಹಾಸ್ಟೆಲ್ ಸಿಕ್ಕಿರಲಿಲ್ಲ. ಮೇಟಗಳ್ಳಿಯಲ್ಲಿ ನಮ್ಮೂರಿನ ಮೂವರು ಕಾರ್ಖಾನೆ ಕೆಲಸದವರು ಒಂದು ರೂಮು ಮಾಡಿಕೊಂಡಿದ್ದರು. ಅವರು ಪಾಳಿಗೆ ಹೋದಾಗ ಚಾಪೆ ನನ್ನದು, ಅವರು ಬಂದರೆ ನಾನು ಹೊರಗೆ. ಒಂದು ದಿನ ಕ್ಲಾಸಿನಲ್ಲಿ ತೂಕಡಿಸಿ ಸಿಕ್ಕಿಬಿದ್ದೆ. ಮೇಷ್ಟ್ರು ಆಚೆ ಕರೆದು ಎಲ್ಲಿರುತ್ತೀಯ ಎಂದು ಕೇಳಿದರು. ಹೇಳಿದೆ. ‘ಬಂದ್ಬುಡು ನಮ್ಮನೆಗೆ’ ಎಂದರು, ಅಷ್ಟೇ. ಅವತ್ತೇ ಸಂಜೆ ಜಯಲಕ್ಷ್ಮಿಪುರದ ಅವರ ಮನೆಯ ಹಿಂದಿನ ಔಟ್‌ಹೌಸಿಗೆ ಹೋದೆ. ಓದು ಮುಗಿಯುವವರೆಗೆ ಅಲ್ಲೇ ಇದ್ದೆ. ಹಾಲು ತರುವುದು, ಸ್ಕೂಟರ್ ಒರೆಸುವುದು, ಅವರ ಲೇಖನಗಳನ್ನು ಚೆನ್ನಾದ ಅಕ್ಷರದಲ್ಲಿ ನಕಲು ಮಾಡುವುದು ನನ್ನ ಕೆಲಸ. ಅದೊಂದೂ ಭಾರ ಅನ್ನಿಸಲಿಲ್ಲ.

ಊಟ ಅವರ ಮನೆಯದೇ. ನನ್ನ ತಟ್ಟೆ ಲೋಟ ಮಾತ್ರ ಹಿತ್ತಿಲ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಇರುತ್ತಿದ್ದವು. ಉಂಡು, ತೊಳೆದು, ಅಲ್ಲೇ ಕವುಚಿಡಬೇಕು. ಒಳಗಿನ ತಟ್ಟೆಗಳ ಜೊತೆ ಸೇರಿಸುವ ಹಾಗಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ದಿನ ಅವರ ಹೆಂಡತಿ ಕಟ್ಟೆಯ ಮೇಲೆ ತಟ್ಟೆ ಇಟ್ಟು ಅಲ್ಲೇ ಬಡಿಸಿದರು. ನಮ್ಮ ಕೇರಿಯಲ್ಲಿ ಹುಟ್ಟಿದವನಿಗೆ ಅಷ್ಟು ಸಾಕು. ಮೇಷ್ಟ್ರು ಆಗ ಜಾತಿಯ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಅದರ ಅಚ್ಚಿಗೆ ಹೋಗುವ ಪ್ರತಿ ತಯಾರು ಮಾಡಿದವನು ನಾನು. ಬೆಳಿಗ್ಗೆ ಹಲ್ಲುಜ್ಜಲು ಅದೇ ನಲ್ಲಿಗೆ ಬಂದು, ನನ್ನ ತಟ್ಟೆಯ ಪಕ್ಕದಲ್ಲೇ ಬಾಯಿ ಮುಕ್ಕಳಿಸಿ ಉಗಿದು, ‘ಮೂರನೇ ಅಧ್ಯಾಯ ಆಯ್ತೇನಯ್ಯ?’ ಎಂದು ಕೇಳುತ್ತಿದ್ದರು. ಮೂರನೆಯ ಅಧ್ಯಾಯ ಸಹಪಂಕ್ತಿ ಭೋಜನದ ಬಗ್ಗೆ.

ಆದರೂ ಆ ಸೂರು ಇಲ್ಲದಿದ್ದರೆ ನಾನು ಓದು ಮುಗಿಸುತ್ತಿರಲಿಲ್ಲ. ಇದನ್ನು ಬಿಟ್ಟು ಬರೆದರೆ ನಾನೂ ಅವರಷ್ಟೇ ಸುಳ್ಳನಾಗುತ್ತೇನೆ. ಆ ಋಣವೇ ಮುಂದೆ ನನ್ನ ಬಾಯಿ ಕಟ್ಟಿತು ಎಂದು ಬಹಳ ದಿನ ನಂಬಿಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ.

ನಿವೃತ್ತರಾದ ಮೇಲೆ ಮೇಷ್ಟ್ರು ಒಂದು ದೊಡ್ಡ ಸಂಶೋಧನಾ ಯೋಜನೆ ತಂದರು. ಬೇರೆ ಊರುಗಳಿಂದ ಮೈಸೂರಿಗೆ ದುಡಿಯಲು ಬಂದವರ ಮಕ್ಕಳು, ತಾವೇ ದುಡಿಯುತ್ತ ಓದುವ ಹುಡುಗ ಹುಡುಗಿಯರು ಉನ್ನತ ಶಿಕ್ಷಣಕ್ಕೆ ಯಾಕೆ ಬರುತ್ತಾರೆ, ಬಂದವರು ಇಷ್ಟೆಲ್ಲ ಕಷ್ಟದಲ್ಲೂ ಬಿಡದೆ ಯಾಕೆ ಮುಂದುವರಿಸುತ್ತಾರೆ ಎಂಬುದು ವಿಷಯ. ನಾನು ಆ ಹೊತ್ತಿಗೆ ಅವರಿದ್ದ ವಿಭಾಗದಲ್ಲೇ ಅಧ್ಯಾಪಕ. ನನ್ನ ಬಡ್ತಿಯ ಕಡತ ಒಂದು ಸಮಿತಿಯ ಮುಂದಿತ್ತು. ಆ ಸಮಿತಿಯಲ್ಲಿ ಮೇಷ್ಟ್ರ ಮಾತು ನಡೆಯುತ್ತಿತ್ತು. ನನ್ನನ್ನು ಸಹ ಸಂಶೋಧಕನನ್ನಾಗಿ ಮಾಡಿಕೊಂಡರು. ಪ್ರಶ್ನಾವಳಿಯನ್ನು ಇಬ್ಬರೂ ಕೂತು ತಯಾರಿಸಿದೆವು. ಓದು ಮುಂದುವರಿಸಲು ನಿಮಗೆ ಪ್ರೇರಣೆ ಏನು ಎಂಬುದು ಕೊನೆಯ ಪ್ರಶ್ನೆ. ಅದರ ಕೆಳಗೆ ಹನ್ನೊಂದು ಚೌಕ. ಒಳ್ಳೆಯ ಕೆಲಸ, ಕುಟುಂಬದ ಏಳಿಗೆ, ಸಮಾಜದಲ್ಲಿ ಗೌರವ, ತಂದೆತಾಯಿಯ ಆಸೆ, ಒಳ್ಳೆಯ ಸಂಬಂಧ ಕೂಡಿಬರಲೆಂದು, ಹೀಗೆ. ಯಾವುದೂ ಹೊಂದದಿದ್ದರೆ ಬರೆಯಲು ‘ಇತರೆ’ ಎಂದು ಒಂದು ಗೆರೆ.

ಮೈಸೂರಿನ ಹೆಬ್ಬಾಳದಿಂದ ಆಚೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳು. ಶರಣಮ್ಮ ನನಗೆ ಸಿಕ್ಕಿದ್ದು ಅಲ್ಲಿ. ಅವಳ ಅಪ್ಪ ಗಾರೆ ಕೆಲಸದವನು, ತಾಯಿ ಹೊಸ ಗೋಡೆಗಳಿಗೆ ನೀರು ಹೊಡೆಯುವವಳು. ಅವಳು ಎಂ.ಎಸ್ಸಿ. ಗಣಿತದ ಮೊದಲ ವರ್ಷ. ರಜೆ ಬಂದರೆ ತಾನೂ ಇಟ್ಟಿಗೆ ಹೊರುತ್ತಿದ್ದಳು. ನಾನು ಹೋದಾಗ ಸಿಮೆಂಟ್ ಇಟ್ಟಿಗೆಯ ಅಟ್ಟಿಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತ, ಹೊಡೆಯುತ್ತ, ಮತ್ತೆ ಬರೆಯುತ್ತಿದ್ದಳು. ನಾನು ಬಂದು ನಿಂತದ್ದು ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ಆ ಸಾಲು ಮುಗಿಸಿಯೇ ಎದ್ದಳು.

ಪ್ರಶ್ನಾವಳಿ ಕೊಟ್ಟೆ. ಊರು, ವಯಸ್ಸು, ಮನೆಯ ವಿವರ ಎಲ್ಲವನ್ನೂ ಬೇಗ ತುಂಬಿದಳು. ಕೊನೆಯ ಪ್ರಶ್ನೆಗೆ ಬಂದು ನಿಂತಳು. ಹನ್ನೊಂದು ಚೌಕಗಳನ್ನೂ ಎರಡೆರಡು ಸಲ ಓದಿದಳು.

‘ಸರ್, ಇದರಾಗ ಇಷ್ಟ ಅಂತ ಇಲ್ಲೇನ್ರಿ?’

ಏನು ಇಷ್ಟ ಎಂದು ಕೇಳಿದೆ.

‘ಗಣಿತ ಇಷ್ಟ ರೀ. ಅದಕ್ಕ ಓದ್ಲಾಕತ್ತೀನಿ.’

ಹಾಗಾದರೆ ಇತರೆ ಎಂದಿರುವ ಕಡೆ ಬರಿ ಎಂದೆ. ‘ಗಣಿತ ಇಷ್ಟ’ ಎಂದು ಎರಡೇ ಪದ ಬರೆದಳು. ನಾನು ಕೇಳದಿದ್ದರೂ ಕಾರಣ ಹೇಳಿದಳು. ಅವಳು ಡಿಗ್ರಿ ಮೊದಲ ವರ್ಷದಲ್ಲಿದ್ದಾಗ ಒಬ್ಬ ಮೇಡಂ, ತನ್ನನ್ನು ಮತ್ತು ಒಂದನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳಿವೆಯಲ್ಲ, ಅವು ಎಷ್ಟಿವೆ ಎಂದು ಕೇಳಿದರಂತೆ. ಎಲ್ಲೋ ಒಂದು ಕಡೆ ಮುಗಿಯಲೇಬೇಕು ಎಂದು ಇವಳು ಉತ್ತರ ಕೊಟ್ಟಳಂತೆ. ಮೇಡಂ ಬೋರ್ಡಿನ ಮೇಲೆ ಬರೆದು, ಅವು ಮುಗಿಯುವುದಿಲ್ಲ ಎಂದು ಸಾಧಿಸಿದರಂತೆ.

‘ಮುಗಿಯಂಗಿಲ್ಲ ಅನ್ನೂದನ್ನ ನಾಕೇ ಸಾಲಿನಾಗ ತೋರಿಸಿಬಿಟ್ರು ಸರ್. ಅವತ್ತು ನನಗ ಊಟ ಸೇರ್ಲಿಲ್ಲ.’

ಸೈಟಿನಿಂದ ಬಸ್‌ಸ್ಟಾಪಿಗೆ ನಡೆದು ಬರುವಾಗ ನನಗೆ ನಾಚಿಕೆಯಾಗುತ್ತಿತ್ತು. ಪ್ರಶ್ನಾವಳಿ ಬರೆದವನು ನಾನು. ನಾನೂ ಅವಳ ಹಾಗೆಯೇ ಬಂದವನು. ನಮ್ಮೂರ ಶಾಲೆಯ ಕಪಾಟಿನಲ್ಲಿ ಒಂದು ಹಳೆಯ ಭೂಪಟದ ಪುಸ್ತಕವಿತ್ತು. ಅದರಲ್ಲಿ ನದಿಗಳು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತವೆ ಎಂದು ಬೆರಳಿಟ್ಟು ನೋಡುತ್ತ ಊಟದ ಬಿಡುವನ್ನೆಲ್ಲ ಕಳೆಯುತ್ತಿದ್ದೆ. ಯಾರ ಏಳಿಗೆಗೂ ಅಲ್ಲ. ಓದು ನನಗೂ ಇಷ್ಟವಾಗಿತ್ತು ಎಂಬುದು ಹನ್ನೊಂದು ಚೌಕ ಬರೆಯುವಾಗ ಒಂದು ಸಲವೂ ನೆನಪಾಗಿರಲಿಲ್ಲ. ಬಡವರ ಮಕ್ಕಳಿಗೆ ಆ ಕಾರಣ ಇರಬಹುದು ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮರುದಿನ ಮೇಷ್ಟ್ರಿಗೆ ಹುರುಪಿನಿಂದ ಹೇಳಿದೆ. ಚೌಕ ಸೇರಿಸಿ ಮತ್ತೆ ಅಚ್ಚು ಮಾಡಿಸೋಣ ಎಂದೂ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

‘ಇಷ್ಟ ಅನ್ನೋದೆಲ್ಲ ಹೊಟ್ಟೆ ತುಂಬಿದೋರ ಕಾರಣ ಕಣಯ್ಯ. ಇವರದ್ದು ಹಸಿವು. ಕುಟುಂಬದ ಏಳಿಗೆ ಅಂತ ಹಾಕ್ಬುಡು.’

ಹಾಕಿದೆ. ಅವಳು ನೀಲಿ ಪೆನ್ನಿನಲ್ಲಿ ಬರೆದ ಎರಡು ಪದ ಕಣ್ಣ ಮುಂದಿರುವಾಗಲೇ ಕಂಪ್ಯೂಟರಿನಲ್ಲಿ ಎರಡನೆಯ ಚೌಕಕ್ಕೆ ಗುರುತು ಹಾಕಿದೆ. ಅವಳೊಬ್ಬಳೇ ಅಲ್ಲ. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಒಡಿಶಾದ ಹುಡುಗ ಇಂಗ್ಲಿಷಿನಲ್ಲಿ ‘ಇತಿಹಾಸಕ್ಕಾಗಿ’ ಎಂದು ಬರೆದಿದ್ದ. ಇನ್ನೊಬ್ಬಳು ‘ಸುಮ್ಮನೆ ಕುತೂಹಲ’ ಎಂದು ಬರೆದಿದ್ದಳು. ಅವರನ್ನೆಲ್ಲ ಏಳಿಗೆಗೆ ಸೇರಿಸಿದ್ದು ಇದೇ ಕೈ. ವರದಿಯಲ್ಲಿ ಆ ಚೌಕದ ಕಂಬ ಎಲ್ಲಕ್ಕಿಂತ ಎತ್ತರವಾಗಿ ಬಂತು. ಮೇಷ್ಟ್ರು ಅದನ್ನು ತೋರಿಸಿ ತಾವು ಮೊದಲಿನಿಂದ ಹೇಳುತ್ತಿದ್ದದ್ದು ಇದನ್ನೇ ಎಂದರು.

ಅವಳ ಉತ್ತರ ಬೇಡವಾದರೂ ಅವಳು ಅವರಿಗೆ ಬೇಕಾದಳು. ಒಂದು ದಿನ ಕಾರಿನಲ್ಲಿ ಸೈಟಿಗೆ ಬಂದು, ಶೆಡ್ಡಿನ ಬಾಗಿಲಲ್ಲಿ ಬಗ್ಗಿ ಒಳಗೆ ನೋಡಿ ‘ಅದ್ಭುತ’ ಎಂದರು. ಆ ಪದ ನನಗೆ ಈಗಲೂ ಕಿವಿಯಲ್ಲಿದೆ. ಶರಣಮ್ಮನ ತಲೆಯ ಮೇಲೆ ಕೈಯಿಟ್ಟು ಮಗಳೇ ಎಂದರು. ಆಮೇಲೆ ವಿಚಾರ ಸಂಕಿರಣಗಳಿಗೆ ಅವಳನ್ನು ಕರೆದುಕೊಂಡು ಹೋಗತೊಡಗಿದರು. ನನ್ನ ಮಣಿಕಟ್ಟಿಗೆ ಬಿಡುವು ಸಿಕ್ಕಿತು. ಒಂದು ಕಡೆ ಅವಳನ್ನು ಸಮಾಜಶಾಸ್ತ್ರದ ವಿದ್ಯಾರ್ಥಿನಿ ಎಂದರು, ಇನ್ನೊಂದು ಕಡೆ ಬಿ.ಎಡ್. ಮಾಡುತ್ತಿದ್ದಾಳೆ ಎಂದರು. ಅವಳು ಮೆಲ್ಲಗೆ ಗಣಿತ ಎಂದು ತಿದ್ದಿದಳು. ಯಾವುದೋ ಒಂದು, ಓದುತ್ತಿದ್ದಾಳಲ್ಲ, ಅದು ಮುಖ್ಯ ಎಂದು ನಕ್ಕರು. ಸಭೆಯೂ ನಕ್ಕಿತು. ಅಷ್ಟು ಸಲ ಅವಳನ್ನು ವೇದಿಕೆಯಿಂದ ವೇದಿಕೆಗೆ ಕರೆದೊಯ್ದವರಿಗೆ ಅವಳು ಏನು ಓದುತ್ತಿದ್ದಾಳೆ ಎಂಬುದು ಕೊನೆಯವರೆಗೂ ನೆನಪಿನಲ್ಲಿ ನಿಲ್ಲಲಿಲ್ಲ.

ಅಂಥ ಒಂದು ಸಭೆಗೆ ಅವಳ ತಾಯಿಯನ್ನೂ ಕರೆತರಲು ನನಗೆ ಹೇಳಿದರು. ಆಕೆ ಅರ್ಧ ದಿನದ ಕೆಲಸ ಬಿಟ್ಟು, ಒಗೆದ ಸೀರೆಯುಟ್ಟು ಬಂದಿದ್ದಳು. ಸಭೆಗೆ ಮುಂಚೆ ಮೇಷ್ಟ್ರು ಶರಣಮ್ಮನನ್ನು ಪಕ್ಕಕ್ಕೆ ಕರೆದು, ನಿಮ್ಮವ್ವ ಕಾಲುಂಗುರ ಮಾರಿ ನಿನ್ನನ್ನು ಕಾಲೇಜಿಗೆ ಸೇರಿಸಿದಳು ಎಂದು ಹೇಳು ಎಂದರು. ಅವ್ವ ಮಾರಿಲ್ಲ, ಕಾಲುಂಗುರ ಕಾಲಲ್ಲೇ ಇದೆ ಎಂದು ಅವಳು ಹೇಳಿದಳು. ಹೇಳಿದರೆ ಏನಾಗುತ್ತಮ್ಮ, ಸತ್ಯಕ್ಕೂ ಒಂದು ಒಗ್ಗರಣೆ ಬೇಕು ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಶರಣಮ್ಮ ವೇದಿಕೆ ಹತ್ತಿ ಅಪ್ಪ ಅವ್ವನ ಹೆಸರು, ಊರು, ತಾನು ಓದುತ್ತಿರುವ ವಿಷಯ ಹೇಳಿ ನಮಸ್ಕಾರ ಮಾಡಿ ಇಳಿದಳು. ಕಾಲುಂಗುರ ಬರಲಿಲ್ಲ. ಆಗ ಮೇಷ್ಟ್ರು ಅಧ್ಯಕ್ಷ ಭಾಷಣದಲ್ಲಿ ತಾವೇ ಅದನ್ನು ಹೇಳಿದರು. ಮಗಳು ಸ್ವಾಭಿಮಾನಿ, ಹೇಳಿಕೊಳ್ಳಲಿಲ್ಲ, ಆ ತಾಯಿ ಇಲ್ಲೇ ಕೂತಿದ್ದಾಳೆ ಎಂದು ಕೈ ತೋರಿಸಿ ಕಣ್ಣೊರೆಸಿಕೊಂಡರು. ಸಭೆಯಲ್ಲಿದ್ದವರೆಲ್ಲ ತಿರುಗಿ ಆಕೆಯ ಕಾಲಿನ ಕಡೆ ನೋಡಿದರು. ಆಕೆಗೆ ಮಾತು ಪೂರ್ತಿ ಅರ್ಥವಾಯಿತೋ ಇಲ್ಲವೋ. ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಸೀರೆಯ ಅಂಚನ್ನು ಬೆರಳುಗಳ ಮೇಲೆ ಬಿಟ್ಟುಕೊಂಡಳು.

ಆಕೆಯ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಆಕೆ ಕಾಲೆಳೆದುಕೊಳ್ಳುವ ಮೊದಲೇ ಕಾಲುಂಗುರ ಅಲ್ಲೇ ಇದ್ದದ್ದು ನನಗೆ ಕಂಡಿತ್ತು. ಉಳಿದವರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಸಂಜೆ ತಾಯಿ ಮಗಳನ್ನು ಸೈಟಿನ ಹತ್ತಿರ ಬಿಟ್ಟಾಗ ಆ ತಾಯಿ ನನಗೆ ಕೈಮುಗಿದು, ಊಟ ಚಲೋ ಇತ್ತು ಎಂದು ಹೇಳಿ ಹೋದಳು.

ಹಾಸ್ಟೆಲಿನ ವಿಷಯ ಬಂದದ್ದು ಆಮೇಲೆ. ಸೈಟಿನ ಕೆಲಸ ಮುಗಿಯುತ್ತ ಬಂದಿತ್ತು. ಮೇಸ್ತ್ರಿ ಜನರನ್ನು ಹೊಸೂರಿಗೆ ಕರೆದುಕೊಂಡು ಹೋಗುವವನಿದ್ದ. ಎರಡನೆಯ ವರ್ಷ ಮುಗಿಸಬೇಕಾದರೆ ಶರಣಮ್ಮನಿಗೆ ಮೈಸೂರಿನಲ್ಲಿ ನೆಲೆ ಬೇಕು. ಹಾಸ್ಟೆಲಿನಲ್ಲಿ ಒಂದು ಸೀಟು ಖಾಲಿಯಿತ್ತು. ಹಾಸ್ಟೆಲ್ ಸಮಿತಿಯ ಹಿರಿಯ ಸದಸ್ಯರಾಗಿದ್ದ ಮೇಷ್ಟ್ರ ಶಿಫಾರಸು ಪತ್ರ ಹೋದರೆ ಸಾಕಾಗಿತ್ತು. ನಾನೇ ಪತ್ರ ಟೈಪ್ ಮಾಡಿ ಮುಂದಿಟ್ಟೆ. ಸಹಿ ಮಾಡಿದರು. ಕವರಿಗೆ ಹಾಕಲು ಕೈ ಚಾಚಿದೆ, ಕೊಡಲಿಲ್ಲ.

‘ಹಾಸ್ಟೆಲಿಗೆ ಹೋಗ್ಬುಟ್ರೆ ಶೂಟಿಂಗಿಗೆ ಏನಯ್ಯ ಉಳೀತದೆ? ಹದಿನೈದು ದಿವಸ ತಡಿ.’

ಯೋಜನೆಯ ಭಾಗವಾಗಿ ಸಾಕ್ಷ್ಯಚಿತ್ರವೊಂದನ್ನು ಮಾಡಿಸುತ್ತಿದ್ದರು. ಅದರ ತಂಡ ಬರುವುದು ತಡವಾಯಿತು. ಬಂದ ದಿನ ನಾನೂ ಇದ್ದೆ. ಶೆಡ್ಡಿನಲ್ಲಿ ಬಲ್ಬಿತ್ತು. ಅದನ್ನು ತೆಗೆಸಿದರು. ನಡು ಮಧ್ಯಾಹ್ನ ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿ ಕಟ್ಟಿ, ಎಲ್ಲಿಂದಲೋ ತಂದಿದ್ದ ಸೀಮೆಎಣ್ಣೆ ಬುಡ್ಡಿ ಹಚ್ಚಿ ಅವಳನ್ನು ಅದರ ಮುಂದೆ ಕೂರಿಸಿದರು. ಇದರ ಬೆಳಕಿನಲ್ಲಿ ಅಕ್ಷರ ಕಾಣುವುದಿಲ್ಲ ಎಂದು ಅವಳು ಹೇಳಿದಳು. ಕಾಣದಿದ್ದರೂ ಪರವಾಗಿಲ್ಲ, ಪುಟ ತಿರುವುತ್ತಿರು ಎಂದರು. ಅವಳ ಗಣಿತದ ನೋಟ್‌ಬುಕ್ಕು ಕ್ಯಾಮೆರಾಕ್ಕೆ ಸರಿಬರಲಿಲ್ಲವೆಂದು ಮೇಷ್ಟ್ರು ತಮ್ಮ ಕಾರಿನಿಂದ ಒಂದು ದಪ್ಪ ಪುಸ್ತಕ ತರಿಸಿ ಕೊಟ್ಟರು. ಅದು ಮೇಷ್ಟ್ರೇ ಬರೆದ, ಜಾತಿಯ ಬಗೆಗಿನ ಆ ಪುಸ್ತಕ. ತಗಡಿನ ಕೆಳಗೆ ಎಲ್ಲರೂ ಬೆವತು ಹೋಗಿದ್ದೆವು. ಹೊಗೆಗೆ ಅವಳ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಕ್ಯಾಮೆರಾದವನ ಭುಜ ಮುಟ್ಟಿ ಇದನ್ನು ಹಿಡಿ ಎಂದು ಸನ್ನೆ ಮಾಡಿದರು.

ಪತ್ರದ ಬಗ್ಗೆ ನಾನು ನೆನಪಿಸಿದ್ದು ಒಂದೇ ಸಲ. ಆ ಹೊತ್ತಿಗೆ ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಕಳೆದು ಎರಡು ದಿನವಾಗಿತ್ತು. ‘ಅಯ್ಯೋ, ಮರೆತೇ ಹೋಯ್ತಲ್ಲಯ್ಯ’ ಎಂದರು. ದನಿಯಲ್ಲಿ ನಿಜವಾದ ವ್ಯಥೆಯಿತ್ತು. ಅದು ಅವರಿಗೆ ಕಷ್ಟವಾದ ವಿದ್ಯೆಯಲ್ಲ. ಸೀಟು ಬೇರೆ ಯಾರಿಗೋ ಹೋಯಿತು. ಶರಣಮ್ಮ ನನ್ನ ರೂಮಿಗೆ ಬಂದು ವಿಚಾರಿಸಿದಾಗ, ಪತ್ರ ತಲುಪುವುದು ತಡವಾಯಿತಂತೆ ಎಂದೆ. ಯಾಕೆ ತಡವಾಯಿತು ಎಂದು ಅವಳು ಕೇಳಲಿಲ್ಲ. ಆಗಲಿ ಸರ್ ಎಂದು ಹೊರಟಳು. ಆ ವಾರ ನನ್ನ ಬಡ್ತಿಯ ಆದೇಶ ಬಂತು. ಋಣ ನನ್ನ ಬಾಯಿ ಕಟ್ಟಿತ್ತು ಎನ್ನುವುದು ಪೂರ್ತಿ ನಿಜವಲ್ಲ ಎಂದು ಮೇಲೆ ಬರೆದದ್ದು ಇದಕ್ಕೇ.

ಅವಳ ಅಪ್ಪ ಅವ್ವ ಹೊಸೂರಿಗೆ ಹೋದರು. ಅವಳು ಹೋಗಲಿಲ್ಲ. ಮೇಟಗಳ್ಳಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳ ರೂಮಿನಲ್ಲಿ ಸೇರಿಕೊಂಡು, ಬೆಳಿಗ್ಗೆ ಕ್ಲಾಸಿಗೆ, ಮಧ್ಯಾಹ್ನದಿಂದ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಹೋಗತೊಡಗಿದಳು ಎಂದು ಕೇಳಿದೆ. ಒಂದು ಪೇಪರು ಹೋಯಿತು. ಮತ್ತೆ ಕಟ್ಟಿ ಪಾಸು ಮಾಡಿದಳು. ಈ ನಡುವೆ ಸಾಕ್ಷ್ಯಚಿತ್ರದ ಪ್ರದರ್ಶನವಾಯಿತು, ವರದಿ ಪುಸ್ತಕವಾಗಿ ಬಂತು. ಮುಖಪುಟದಲ್ಲಿ ಬುಡ್ಡಿಯ ಮುಂದೆ ಕಣ್ಣೀರು ತುಂಬಿಕೊಂಡ ಶರಣಮ್ಮ. ಅವಳನ್ನು ಯಾರೂ ಕೇಳಿರಲಿಲ್ಲ. ಒಳಗೆ ಅವಳ ಮಾತೆಂದು ಒಂದು ಪುಟ ಪೂರ್ತಿ ಇತ್ತು. ನನ್ನ ಕುಟುಂಬವನ್ನು ಕತ್ತಲಿನಿಂದ ಬೆಳಕಿಗೆ ತರಲು ಓದುತ್ತಿದ್ದೇನೆ ಎಂದು ಆರಂಭವಾಗುವ ಪುಟ. ಮೇಷ್ಟ್ರ ಶೈಲಿ ಯಾರಿಗೂ ಗುರುತು ಸಿಗುವಂಥದ್ದು. ನನ್ನ ಹೆಸರನ್ನೂ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿಸಿದ್ದರು. ಆ ಪುಸ್ತಕಕ್ಕೆ ಅವರಿಗೆ ಸನ್ಮಾನಗಳಾದವು. ಹಾರಗಳನ್ನು ಕಾರಿಗೆ ಹೊತ್ತು ತಂದವನು ನಾನು.

ಕಾಯಿಲೆ ಜೋರಾಗಿ ಅವರು ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆ. ತುಂಬ ಇಳಿದುಹೋಗಿದ್ದರು. ಜುಬ್ಬವಿಲ್ಲದೆ ಅವರನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಮಣಿಕಟ್ಟು ಹಿಡಿದುಕೊಂಡರು, ಈ ಸಲ ಯಾರಿಗೂ ತೋರಿಸುವುದಕ್ಕಲ್ಲ. ‘ನಿನಗೆ ನಾನೇನಾದ್ರೂ ಕಡಿಮೆ ಮಾಡಿದ್ನೇನಯ್ಯ?’ ಎಂದು ಕೇಳಿದರು. ಆ ಹೊತ್ತಿನಲ್ಲಿ ಅವರು ನಟಿಸುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ನಿಜವಾಗಿ ಕೇಳಿದ್ದರು. ನಿಜವಾದ ಉತ್ತರ ಕೊಡಬಹುದಾಗಿತ್ತು. ಇಲ್ಲ ಸಾರ್ ಎಂದೆ. ಸಾಯುವವರ ಮುಂದೆ ಇನ್ನೇನು ಹೇಳುವುದು ಎಂದು ನೀವು ಕೇಳಬಹುದು. ಬದುಕಿದ್ದಾಗ ಅವರ ಮುಂದೆ ನಾನು ಹೇಳಿದ್ದೂ ಅದನ್ನೇ. ಅವರ ಬಗ್ಗೆ ನನಗಿರುವ ಹೇಸಿಗೆಯನ್ನು ಎಷ್ಟು ಕೆದಕಿದರೂ ಕೆಳಗೆ ಸಿಗುವುದು ಈ ‘ಇಲ್ಲ ಸಾರ್’.

ಹೋದ ವಾರ ನುಡಿನಮನದ ಸಭೆಯವರು, ಶರಣಮ್ಮನನ್ನು ಕರೆಸಿ, ಅವಳು ನಾಲ್ಕು ಮಾತಾಡಿದರೆ ಸಭೆಗೆ ಕಳೆ ಬರುತ್ತದೆ ಎಂದು ನನ್ನ ಬೆನ್ನು ಹತ್ತಿದರು. ವಿಭಾಗದ ನನ್ನ ರೂಮಿನಿಂದಲೇ ಫೋನು ಮಾಡಿದೆ. ಅವಳೀಗ ಚಾಮರಾಜನಗರದ ಕಡೆ ಒಂದು ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಪಿಎಚ್.ಡಿ. ಪ್ರವೇಶ ಪರೀಕ್ಷೆಯೂ ಮುಗಿದಿದೆ, ಗಣಿತದಲ್ಲೇ. ಮೇಷ್ಟ್ರು ಹೋದ ಸುದ್ದಿ ಅವಳಿಗೆ ಗೊತ್ತಿತ್ತು. ಸಭೆಯ ದಿನ ಕ್ಲಾಸಿದೆ, ಬರುವುದಿಲ್ಲ ಎಂದಳು. ಪುಸ್ತಕದಲ್ಲಿ ತನ್ನ ಹೆಸರಿನಲ್ಲಿರುವ ಪುಟವನ್ನು ಲೈಬ್ರರಿಯಲ್ಲಿ ಎಂದೋ ಓದಿದ್ದೇನೆ ಎಂದೂ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಫೋನು ಇಡಬೇಕಾಗಿತ್ತು. ಇಡಲಿಲ್ಲ. ಪತ್ರದ ವಿಷಯ ಹೇಳಿದೆ. ಸಹಿಯಾದ ಪತ್ರವನ್ನು ಶೂಟಿಂಗಿಗಾಗಿ ಇಟ್ಟುಕೊಂಡದ್ದು, ನನಗೆ ಗೊತ್ತಿದ್ದದ್ದು, ತಡವಾಯಿತಂತೆ ಎಂದು ನಾನು ಸುಳ್ಳು ಹೇಳಿದ್ದು ಎಲ್ಲ ಹೇಳಿದೆ. ಅವಳ ಉತ್ತರವನ್ನು ಬದಲಾಯಿಸಿದ್ದು ನಾನೇ ಎಂಬುದನ್ನೂ ಹೇಳಿದೆ. ಆ ಕಡೆ ಹುಡುಗರ ಗಲಾಟೆ ಕೇಳುತ್ತಿತ್ತು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

‘ಅವ್ರು ಹೋಗ್ಯಾರ, ಅವ್ರನ್ನ ಬಿಡ್ರಿ’ ಎಂದಳು. ಆಮೇಲೆ ಕೇಳಿದಳು: ‘ಈಗ ಆ ಹಾಸ್ಟೆಲ್ ಕಮಿಟಿಯಾಗ ಯಾರದಾರ ಸರ್?’

ನಾನೇ ಎಂದೆ.

‘ನಿಮ್ಮ ಹಂತ್ಯಾಕ ಯಾರರ ಅರ್ಜಿ ಅದಾವೇನ್ರಿ? ಇದ್ರ ಇವತ್ತ ಕಳಿಸ್ರಿ.’ ಗಂಟೆ ಹೊಡೆಯಿತೆಂದು ಹೇಳಿ ಫೋನು ಇಟ್ಟಳು.

ಇದ್ದವು. ನನ್ನ ಬ್ಯಾಗಿನಲ್ಲಿ ಐದು ಅರ್ಜಿಗಳಿದ್ದವು. ನಾಲ್ಕು ಬರೀ ನನ್ನ ಸೋಮಾರಿತನದಿಂದ ಉಳಿದಿದ್ದವು. ಐದನೆಯದು ಬಳ್ಳಾರಿ ಕಡೆಯ ಒಬ್ಬ ಹುಡುಗಿಯದು. ಅವಳಪ್ಪ ಇಲ್ಲಿ ರಿಂಗ್ ರೋಡಿನ ಕೆಲಸದಲ್ಲಿದ್ದಾನೆ. ಎಂಟು ದಿನದ ಹಿಂದೆ ಅವಳು ಅರ್ಜಿ ತಂದಾಗ, ನಮ್ಮ ಸೆಮಿನಾರಿನ ಕೆಲಸವೊಂದಿಷ್ಟು ಮುಗಿಸಿಕೊಡಮ್ಮ, ಆಮೇಲೆ ನೋಡೋಣ ಎಂದಿದ್ದೆ. ಹಾಗೆ ಹೇಳುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಆ ಕಾಗದವನ್ನು ಎಲ್ಲಕ್ಕಿಂತ ಮೊದಲು ಹೊರತೆಗೆದೆ.

ಐದಕ್ಕೂ ಸಹಿ ಮಾಡಿ ಕಚೇರಿಗೆ ಕೊಟ್ಟು, ಅವರು ಸೀಲು ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುವವರೆಗೆ ನಿಂತಿದ್ದು ಬಂದೆ. ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಆ ಹುಡುಗಿ ಕೂತು ನಮ್ಮ ಸೆಮಿನಾರಿನ ಆಹ್ವಾನ ಪತ್ರಿಕೆಗಳನ್ನು ಮಡಚಿ ಕವರಿಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಇನ್ನೂ ದೊಡ್ಡ ರಾಶಿಯಿತ್ತು. ಸಾಕು ಬಿಡಮ್ಮ, ಅರ್ಜಿ ಕಳಿಸಿದ್ದೀನಿ, ಹೋಗಿ ಓದಿಕೋ ಎಂದೆ.

ಅವಳು ಗಾಬರಿಯಿಂದ ಎದ್ದು ನಿಂತಳು. ಕೈಯಲ್ಲಿದ್ದ ಪತ್ರಿಕೆಯನ್ನು ಬಿಚ್ಚಿ, ಇನ್ನೂ ನೇರವಾಗಿ ಮಡಚಿ ನನ್ನ ಮುಂದೆ ಹಿಡಿದಳು.

‘ಸರ್, ನಾ ಏನಾರ ತಪ್ಪು ಮಾಡಿದ್ನೇನ್ರಿ?’